ಡ್ಯಾಶ್‌ಬೋರ್ಡ್ ಹಿಂದಿನ ಸುಯ್ ಸದ್ದು

ವೇದಿಕೆ ಅಂತ ಇಲ್ಲಿ ಏನೂ ಇಲ್ಲ. ಶಾಂತರಾಜು ರಿಪೇರಿಗೆ ಕಾರು ನಿಲ್ಲಿಸಿಕೊಳ್ಳುತ್ತಿದ್ದ ಜಾಗದಲ್ಲೇ ಶಾಮಿಯಾನ ಹಾಕಿದ್ದೇವೆ. ಮಲ್ಲಿಪಟ್ಟಣದಿಂದ ಬಂದಿರುವ ಅವನ ಅಣ್ಣ ಮಂಚಯ್ಯನವರೇ, ಪತ್ನಿ ಯಶೋಧರಮ್ಮನವರೇ, ಹಾಸನದ ಗ್ಯಾರೇಜ್ ಗೆಳೆಯರೇ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದ ಇವತ್ತಿನ ಬಾಡಿಗೆ ಬಿಟ್ಟು ಬಂದಿರುವ ಟ್ಯಾಕ್ಸಿ ಚಾಲಕರೇ— ಎಲ್ಲರಿಗೂ ನಮಸ್ಕಾರ. ನಾನು ದೇವರಾಜ್. ಈ ಶೆಡ್ಡಿನ ಆ ಮೂಲೆಯಲ್ಲಿ ಕಾರಿನ ವೈರಿಂಗ್ ಕೆಲಸ ಮಾಡುತ್ತೇನೆ. ಈ ಕಡೆ ಎ.ಸಿ. ಕೆಲಸ ಶಾಂತರಾಜುದು. ಹೋದ ವಾರ ಎದೆನೋವು ಅಂತ ಆ ಸ್ಟೂಲಿನ ಮೇಲೆ ಕೂತವನು ಮತ್ತೆ ಏಳಲಿಲ್ಲ.

ಕ್ಷಮಿಸಿ— ನನಗೆ ಒಂದು ಕಡೆ ನಿಂತು ಮಾತಾಡಿ ಅಭ್ಯಾಸವಿಲ್ಲ. 'ಅಗಲಿದ ಚೇತನ' ಅಂತೆಲ್ಲ ಬರೆಸಿಕೊಂಡು ಬಂದಿದ್ದೆ. ಅದನ್ನು ಜೇಬಿನಲ್ಲೇ ಬಿಟ್ಟಿದ್ದೇನೆ. ಹೇಳಬೇಕಾದ್ದು ಬೇರೆ ಇದೆ.

ಶಾಂತರಾಜು ಕೆಲಸ ಏನು ಅಂತ ಮಲ್ಲಿಪಟ್ಟಣದ ನೆಂಟರಿಗೆ ಗೊತ್ತಿರಲಿಕ್ಕಿಲ್ಲ. ಕೆಲವು ಹಳೆ ಕಾರುಗಳಲ್ಲಿ ಎ.ಸಿ. ಗಾಳಿ ಮುಖಕ್ಕೆ ಬರಬೇಕೋ, ಕಾಲಿಗೋ, ಮುಂದಿನ ಗಾಜಿಗೋ— ಅದನ್ನು ತಿರುಗಿಸುವುದು ವೈರಲ್ಲ. ಇಂಜಿನ್ ಗಾಳಿಯನ್ನು ಎಳೆದುಕೊಳ್ಳುತ್ತದಲ್ಲ, ಆ ಎಳೆತ. ಅದಕ್ಕೆ ವ್ಯಾಕ್ಯೂಮ್ ಅನ್ನುತ್ತೇವೆ. ಶುಂಠಿ ಹೊಲದ ಡ್ರಿಪ್ ಪೈಪಿಗಿಂತ ಸಣ್ಣ ರಬ್ಬರ್ ಪೈಪುಗಳು ಡ್ಯಾಶ್‌ಬೋರ್ಡ್ ಹಿಂದೆ ಹೋಗಿ, ಗಾಳಿ ತಿರುಗಿಸುವ ಒಳಗಿನ ಪುಟ್ಟ ಬಾಗಿಲುಗಳನ್ನು ಎಳೆದು ಹಿಡಿದಿರುತ್ತವೆ. ಒಂದು ಪೈಪು ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಮುಗಿಯಿತು. ಏರು ಹತ್ತುವಾಗ ಇಂಜಿನ್ನಿನ ಎಳೆತ ಕಮ್ಮಿಯಾಗುತ್ತದೆ, ಬಾಗಿಲು ಜಾರುತ್ತದೆ, ಗಾಳಿ ದಾರಿ ತಪ್ಪುತ್ತದೆ.

ಹೊಳೆನರಸೀಪುರದ ಅನಸೂಯಮ್ಮ ಟೀಚರ್ ಇಲ್ಲೇ ಕೂತಿದ್ದಾರೆ. ಅವರ ಕಾರಿಗೆ ಇದೇ ಕಾಯಿಲೆ. ಹೋದ ಕಡೆಯಲ್ಲೆಲ್ಲ 'ಗ್ಯಾಸ್ ಖಾಲಿ' ಅಂತ ಗ್ಯಾಸ್ ತುಂಬಿ ಕಳಿಸಿದ್ದರು. ಒಬ್ಬ ಮಹಾನುಭಾವ ಡ್ಯಾಶ್‌ಬೋರ್ಡನ್ನೇ ಬಿಚ್ಚಿ ಹಾಕುತ್ತೇನೆ ಅಂದನಂತೆ— ನೆಗಡಿ ಬಂತು ಅಂತ ಮೂಗು ಕೊಯ್ಯುವವರಿಗೆ ನಮ್ಮಲ್ಲೇನು ಬರವೇ! ಟೀಚರ್ ಇಲ್ಲಿಗೆ ಬಂದು, "ಏರು ಬಂದ್ರೆ ಕಾಲಿಗೆ ಊಟಿ, ಮುಖಕ್ಕೆ ಬಳ್ಳಾರಿ ಕಣಪ್ಪ" ಅಂದರು. ಶಾಂತರಾಜು ಬಿದ್ದು ಬಿದ್ದು ನಕ್ಕ. ಆಮೇಲೆ ಗಾಳಿ ಊದುವ ಬ್ಲೋವರ್ ಆಫ್ ಮಾಡಿಸಿ, ಇಂಜಿನ್ ಚಾಲೂ ಇಟ್ಟು, ಕಾರೊಳಗೆ ಬಗ್ಗಿ— ಹೀಗೆ, ತಲೆ ಓರೆ ಮಾಡಿ— ಒಂದೊಂದೇ ಪೈಪು ಹಿಸುಕುತ್ತಾ ಹೋದ. ಯಾವ ಪೈಪು ಹಿಸುಕಿದಾಗ ಸುಯ್ ಸದ್ದು ನಿಲ್ಲುತ್ತದೋ, ತೂತು ಅದರಲ್ಲಿ. ಟೀಚರ್ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಸಿಕ್ಕಿಬಿಟ್ಟಿತು.

ಸಿಕ್ಕಿಬಿಟ್ಟಿತು ಅಂದೆ— ಯಾರಿಗೆ ಸಿಕ್ಕಿತು?

ಸ್ನೇಹಿತರೇ, ಈ ಮಾತು ಯಾರಿಗೂ ಹೇಳಬಾರದು ಅಂತ ಅವನು ನನ್ನಿಂದ ಭಾಷೆ ತಗೊಂಡಿದ್ದ. ಇವತ್ತು ಅವನ ಫೋಟೋ ಮುಂದೆ ನಿಂತು ಅದನ್ನು ಮುರಿಯುತ್ತಿದ್ದೇನೆ. ಶಾಂತರಾಜುಗೆ ಆ ಸದ್ದು ಕೇಳಿಸುತ್ತಿರಲಿಲ್ಲ. ಎದುರು ನಿಂತು ಆಡಿದ ಮಾತು ಕೇಳುತ್ತಿತ್ತು, ಆದರೆ ಕಂಪ್ರೆಸರ್ ಪಕ್ಕ ವರ್ಷಗಟ್ಟಲೆ ನಿಂತು ಇಂಥ ಸಣ್ಣ ಸದ್ದಿಗೆ ಕಿವಿ ಹೋಗಿತ್ತು. "ದೇವಣ್ಣ, ಯಾರ್ಗೂ ಏಳ್ಬ್ಯಾಡ ಕಣಣ್ಣ. ಕಿವುಡನ ತಾವ ಯಾರು ಗಾಡಿ ತತ್ತಾರೆ?" ಅಂದಿದ್ದ.

ಟೀಚರ್ ಕಾರಿನಲ್ಲೂ ಅವನ ಪಕ್ಕ ಬಗ್ಗಿ ಸದ್ದು ಕೇಳಿದವರು ಯಶೋಧರಮ್ಮ. ಬುತ್ತಿ ತರುತ್ತಾರೆ, ಗಂಡನಿಗೆ ಸ್ಪ್ಯಾನರ್ ಎತ್ತಿಕೊಡುತ್ತಾರೆ ಅಂತ ನೀವೆಲ್ಲ ಅಂದುಕೊಂಡಿರಿ. ಮೊದಲ ಸಲ ನಾನೂ ಪಕ್ಕದಲ್ಲೇ ಇದ್ದೆ. ಊಟದ ಡಬ್ಬಿ ಹಿಡಿದು ಬಂದವರು ಬಾಗಿಲ ಹತ್ತಿರವೇ ನಿಂತು, "ಏನ್ರೀ ಇದು, ಕುಕ್ಕರ್ ವಾಸರ್ ಓದಂಗೆ ಸುಯ್ ಅಂತೈತೆ?" ಅಂದರು. "ಎಲ್ಲಿ?" ಅಂದ ಇವನು. ಕೈ ತೋರಿಸಿದರು. ತೂತು ಅಲ್ಲೇ ಇತ್ತು. ಆವತ್ತಿನಿಂದ ಕೇಳುವುದು ಅವರು, ಹಿಸುಕುವುದು ಅವರು. ಬರಬರುತ್ತಾ ಪೈಪು ಕತ್ತರಿಸಿ ಕೂರಿಸುವುದು, ಕೈಪಂಪಿನಿಂದ ಗಾಳಿ ಎಳೆದು, ಇನ್ನೂ ಸೋರಿ ಮೀಟರಿನ ಮುಳ್ಳು ಇಳಿಯುತ್ತದಾ ಅಂತ ನೋಡುವುದು— ಅದೂ ಅವರೇ. ಗಿರಾಕಿ ಮುಂದೆ ಪೈಪು ಹಿಸುಕಿ ತೋರಿಸುವುದು, ಮಾತಾಡುವುದು ಮಾತ್ರ ಇವನು. ಅದರಲ್ಲಿ ಇವನನ್ನು ಮೀರಿಸುವವರಿಲ್ಲ, ಬಿಡಿ!

"ಶೆಡ್ಡಿನ ಬೋರ್ಡಿನ ಮೇಲೆ ಅವಳ ಹೆಸರೂ ಬರಸ್ಬೇಕು ದೇವಣ್ಣ" ಅನ್ನುತ್ತಿದ್ದ. ಯುಗಾದಿ ಕಳೀಲಿ ಅಂದ, ಆಮೇಲೆ ಮಳೆ ನಿಲ್ಲಲಿ ಅಂದ. ಸತ್ತವರ ಮೇಲೆ ಕೋಪ ಮಾಡಬಾರದಂತೆ. ನನಗೆ ಕೋಪ ಇದೆ. ಇದನ್ನು ನೀನೇ ಹೇಳಬೇಕಿತ್ತು ಕಣೋ ಶಾಂತ. ನನ್ನ ತಲೆಗೆ ಕಟ್ಟಿ ಹೋದೆ.

ಯಾಕೆ ಈಗ ಹೇಳುತ್ತಿದ್ದೇನೆ ಅಂದರೆ— ನಾಳೆ ಈ ಶೆಡ್ಡು ಶುಂಠಿ ವ್ಯಾಪಾರದವರ ಗೋಡೌನ್ ಆಗುತ್ತದೆ. ಮನೆಯ ಹಿರಿಯರಾಗಿ ಮಂಚಯ್ಯನವರು ಮಾತು ಕೊಟ್ಟಿದ್ದಾರೆ. ಬೀಗದ ಕೈ ಅವರ ಜೇಬಿನಲ್ಲಿದೆ. ಅವರು ಕೆಟ್ಟವರಲ್ಲ. ಅಪ್ಪ ಇಲ್ಲದ ತಮ್ಮನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು. ಒಂಟಿ ಹೆಣ್ಣುಮಗಳು ಗಂಡಸರ ಮಧ್ಯೆ ಗ್ಯಾರೇಜಿನಲ್ಲಿ ಏನು ಮಾಡುತ್ತಾಳೆ, ಊರಿಗೆ ಕರೆದುಕೊಂಡು ಹೋಗಿ ಚೆನ್ನಾಗಿ ನೋಡಿಕೊಳ್ಳೋಣ ಅನ್ನುವುದು ಅವರ ಲೆಕ್ಕ. ಶೆಡ್ಡು ಹೋದರೆ ನನ್ನ ಮೂಲೆಯೂ ಹೋಗುತ್ತದೆ, ನನ್ನ ಸ್ವಾರ್ಥವೂ ಇದರಲ್ಲಿದೆ. ಅದನ್ನೂ ಹೇಳಿಬಿಡುತ್ತೇನೆ.

ಆದರೆ ಬೆಳಿಗ್ಗೆ ನಡೆದದ್ದು ಕೇಳಿ. ಚನ್ನರಾಯಪಟ್ಟಣದ ಮೋಹನ್‌ಕುಮಾರ್ ಹಾರ ಹಿಡಿದು ಬಂದ. ಅವನ ಟ್ಯಾಕ್ಸಿ ಇಂಜಿನ್ ಚಾಲೂ ಇತ್ತು. ಯಶೋಧರಮ್ಮ ಫೋಟೋ ಒರೆಸುತ್ತಿದ್ದವರು ತಲೆ ಎತ್ತಿದರು. "ಆಫ್ ಮಾಡ್ಬ್ಯಾಡ ಕಣಪ್ಪ" ಅಂತ ಎದ್ದು ಹೋಗಿ, ಕಿಟಕಿಯೊಳಗೆ ಬಗ್ಗಿದರು. ಅತ್ತೂ ಅತ್ತೂ ಊದಿದ ಆ ಮುಖದಲ್ಲಿ ಒಂದು ಗಳಿಗೆ ಜೀವ ಬಂದಿತ್ತು ಸ್ವಾಮಿ, ನಾನು ನೋಡಿದೆ. ಅಷ್ಟರಲ್ಲಿ ಮಂಚಯ್ಯನವರು, "ಬ್ಯಾಡ ಬಾರವ್ವ, ಜನ ಏನಂದಾರು?" ಅಂದರು. ಯಶೋಧರಮ್ಮ ವಾಪಸ್ ಬಂದು ಕೂತರು. ಆ ಗಾಡಿ ಇನ್ನೂ ಹಾಗೇ ನಿಂತಿದೆ.

ಜನ ಅಂದರೆ ಯಾರು ಮಂಚಯ್ಯನವರೇ? ಇಲ್ಲಿ ಕೂತಿದ್ದಾರಲ್ಲ, ಇವರೇ ತಾನೇ? ಏನಂತಾರೆ ಅಂತ ಇವರನ್ನೇ ಕೇಳಿಬಿಡಿ. ಅದಕ್ಕಿಂತ ಮೊದಲು, ಯಶೋಧರಮ್ಮನವರನ್ನು ಕೇಳಿ. ಒಬ್ಬರೂ ಅವರನ್ನು—

ಏನು ಯಶೋಧರಮ್ಮಾ? ನೀರು ಬೇಕಾ? ಯಾರಾದರೂ ಸ್ವಲ್ಪ ನೀರು—

ಇಲ್ಲ. ನೀರಲ್ಲ.

ಹಿಂದೆ ಕೂತವರಿಗೆ ಕೇಳಿಸಿತಾ? ಮೈಕಿನಲ್ಲಿ ನಾನು ಹೇಳುತ್ತೇನೆ. "ಬಾವ, ಬೀಗದ ಕೈ ಕೊಡಿ. ಮೋಹನ್‌ಕುಮಾರಪ್ಪನ ಗಾಡಿ ಕಾಯ್ತಾ ಐತೆ" ಅಂದರು. ಮಂಚಯ್ಯನವರ ಮುಂದೆ ಕೈ ಚಾಚಿ ನಿಂತಿದ್ದಾರೆ.

ನನ್ನ ಮಾತು ಇಲ್ಲಿಗೆ ಸಾಕು. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಹೆಂಗಸರು, ಹಿರಿಯರು, ಅಲ್ಲಿ ಬೈಕಿನ ಮೇಲೆ ಕೂತವರು— ಎಲ್ಲರೂ. ಇಷ್ಟು ಜನರ ಮಧ್ಯೆ ಅವರೊಬ್ಬರೇ ನಿಂತಿರುವುದು ಬೇಡ.

ಶಾಂತರಾಜು ನೆನಪಿನಲ್ಲಿ ಮೌನವಾಗಿರೋಣ. ಎಷ್ಟು ನಿಮಿಷ ಅಂತ ನಾನು ಹೇಳುವುದಿಲ್ಲ. ಆ ಕೈಗೆ ಬೀಗದ ಕೈ ಬರುವ ತನಕ ಯಾರೂ ಕೂರಬೇಡಿ.