ಹಗರೆಯಲ್ಲಿ ಅತಿಥಿಯ ಕೆನ್ನೆ ಮುಟ್ಟಿದ ಬಗ್ಗೆ

ಹೆಸರು ಭಾಷ್ಯಂ, ತಂದೆ ದಿವಂಗತ ರಾಮಾನುಜಾಚಾರ್. ವಯಸ್ಸು ನಲವತ್ತಾರು. ಕಸುಬು ಕಾಲೇಜಿನಲ್ಲಿ ಇಂಗ್ಲಿಷ್ ಉಪನ್ಯಾಸಕ. ವಾಸ ದೇವಸ್ಥಾನದ ಬೀದಿ, ಬೇಲೂರು. ಸಮ್ಮೇಳನದ ಬಂದೋಬಸ್ತು ಶಿಬಿರಕ್ಕೆ ಯಾರೂ ಕರೆಯದೆ ನಾನಾಗಿಯೇ ಹಾಜರಾಗಿ, ದಫೇದಾರ್ ದೇವೀರಪ್ಪನವರ ಮುಂದೆ ಈ ಮೂಲಕ ತಿಳಿಸುವುದೇನೆಂದರೆ:

ಬೆಂಗಳೂರಿನಲ್ಲಿ ನಡೆಯುತ್ತಿರುವ ಅಂತರರಾಷ್ಟ್ರೀಯ ಶಿಲ್ಪಕಲಾ ಸಮ್ಮೇಳನದ ಅಧ್ಯಕ್ಷರು ಸ್ವೀಡನ್ ದೇಶದ ಒಬ್ಬ ವಿದ್ವಾಂಸರು. ಅವರು ಈ ದಿನ ಬೆಳಿಗ್ಗೆ ಅರಸೀಕೆರೆಯಲ್ಲಿ ರೈಲಿಳಿದು, ಹಳೇಬೀಡು ನೋಡಿಕೊಂಡು, ಹಗರೆ ಹಳ್ಳಿಯ ಮೇಲೆ ಬೇಲೂರಿಗೆ ಬರುವುದೆಂದು ಗೊತ್ತಾಗಿತ್ತು. ಅತಿಥಿಗೆ ತಿಥಿಯಾಗದಂತೆ ನೋಡಿಕೊಳ್ಳುವ ಹೊಣೆ ಇನ್‌ಸ್ಪೆಕ್ಟರ್ ಷಡಕ್ಷರಪ್ಪನವರದು. ಅವರು ನಿನ್ನೆಯ ದಿನ ದಾರಿಯುದ್ದಕ್ಕೂ ರಿಹರ್ಸಲ್ ಏರ್ಪಡಿಸಿದರು. ರಿಹರ್ಸಲ್ಲಿಗೂ ಒಬ್ಬ ಅತಿಥಿ ಬೇಕಷ್ಟೆ. ಬೇಲೂರಿನಲ್ಲಿ ಆರಡಿ ಎತ್ತರ, ಉದ್ದ ಮೂಗು ಮತ್ತು ಸ್ವಂತ ಟೈ, ಈ ಮೂರೂ ಒಬ್ಬನಲ್ಲೇ ಸಿಕ್ಕುವುದು ನನ್ನಲ್ಲಿ ಮಾತ್ರ. ಆದುದರಿಂದ ನಾನು ಆಯ್ಕೆಯಾದೆ. ಪ್ರತಿಸ್ಪರ್ಧಿಗಳಿರಲಿಲ್ಲ.

ನನ್ನ ಮುಖಕ್ಕೆ ಬಿಳಿ ಬಣ್ಣ ಹಚ್ಚಬೇಕೆಂಬುದು ಇನ್‌ಸ್ಪೆಕ್ಟರರ ಆಲೋಚನೆ. ಬಿಳಿ ಮುಖ ಕಂಡು ಪೇದೆಗಳು ಬಾಯಿ ಬಿಟ್ಟುಕೊಂಡು ನಿಂತರೆ ಜನರ ಮೇಲೆ ಕಣ್ಣಿಡುವವರು ಯಾರು, ಒಂದು ದಿನ ಮೊದಲೇ ಅಭ್ಯಾಸವಾಗಲಿ ಎಂದು ಅವರು ವಿವರಿಸಿದರು. ಅರಸೀಕೆರೆಯಲ್ಲಿ ಬಿಡಾರ ಹೂಡಿದ್ದ ನಾಟಕ ಕಂಪನಿಯವರು ಬಣ್ಣ ಬಳಿದುಕೊಟ್ಟರು. ಹಳೇಬೀಡಿನಲ್ಲಿ ಪೇದೆಗಳು ನನಗೆ ಸೆಲ್ಯೂಟ್ ಹೊಡೆದರು. ಇಪ್ಪತ್ತು ವರ್ಷ ಪಾಠ ಹೇಳಿದರೂ ಸಿಗದಿದ್ದ ಮರ್ಯಾದೆ ಅರ್ಧ ಡಬ್ಬಿ ಬಣ್ಣಕ್ಕೆ ಸಿಕ್ಕಿತು.

ಮಧ್ಯಾಹ್ನ ಹನ್ನೆರಡಕ್ಕೆ ಹಗರೆ ತಲುಪಿದೆವು. ಅಲ್ಲಿ ಆರತಿ ಎತ್ತಲು ಗೊತ್ತುಮಾಡಿದ್ದವರು ಮಹದೇವಮ್ಮನವರು. ವಯಸ್ಸು ಅರವತ್ತರ ಮೇಲೆ. ಎರಡು ಎಮ್ಮೆ ಕಟ್ಟಿಕೊಂಡು, ವಾರಕ್ಕೊಮ್ಮೆ ಬೇಲೂರಿನ ಮನೆಗಳಿಗೆ ಬೆಣ್ಣೆ ಹಾಕುವವರು. ನಮ್ಮ ಮನೆಗೂ ಹಾಕುತ್ತಾರೆ. ಆರತಿ ಎತ್ತಿ, ಕುಂಕುಮವಿಟ್ಟು, ನನ್ನ ಮುಖವನ್ನು ಹತ್ತಿರದಿಂದ ನೋಡಿದರು. ಹೆಬ್ಬೆರಳಿನಿಂದ ಎಡಗೆನ್ನೆಯನ್ನು ಬಲವಾಗಿ ಒರೆಸಿದರು. ನನ್ನ ಬಣ್ಣ ಬಯಲಾಯಿತು. ಈ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬೇಕು.

“ಅಯ್ಯೋ ಬನ್ರೇ ಇಲ್ಲಿ, ಇವ್ರು ನಮ್ಮ ಭಾಷ್ಯಂ ಮೇಷ್ಟ್ರು ಕಣ್ರೇ! ಮೂತಿಗೆ ಸುಣ್ಣ ಬಳ್ಕೊಂಡು ಬಂದವ್ರೆ!” ಎಂದು ಕೂಗಿದರು. ಹಗರೆಗೆ ಹಗರೆಯೇ ನಕ್ಕಿತು. ಇನ್‌ಸ್ಪೆಕ್ಟರರೂ ಟೋಪಿ ಬೀಳುವಂತೆ ನಕ್ಕರು. ನಕ್ಕು ಸುಧಾರಿಸಿಕೊಂಡು, ಜೀಪಿನ ಮೇಲೆ ನಿಂತು, “ಎಲ್ಲಾ ಭೇಷಾಗಿತ್ತು. ನಾಳೇನೂ ಎಲ್ರೂ ಇವತ್ತು ಮಾಡಿದ ಹಾಗೇ ಮಾಡ್ಬೇಕು. ಕೂದಲೆಳೆಯಷ್ಟೂ ವ್ಯತ್ಯಾಸ ಆಗಕೂಡದು” ಎಂದು ಆಜ್ಞೆ ಮಾಡಿದರು.

ಈ ದಿನ ನಾನು ಸ್ವಂತ ಮುಖದಲ್ಲಿ, ದುಭಾಷಿಯಾಗಿ, ಅತಿಥಿಯ ಪಕ್ಕದಲ್ಲೇ ಕುಳಿತು ಬಂದೆ. ಹಗರೆಯಲ್ಲಿ ಕಾರು ನಿಂತಿತು. ಮಹದೇವಮ್ಮನವರು ಆರತಿ ಎತ್ತಿದರು. ಕುಂಕುಮವಿಟ್ಟರು. ಹತ್ತಿರದಿಂದ ನೋಡಿದರು. ಆಮೇಲೆ ಹೆಬ್ಬೆರಳಿನಿಂದ ಅತಿಥಿಯ ಎಡಗೆನ್ನೆಯನ್ನು ಒರೆಸಿದರು. ವ್ಯತ್ಯಾಸವಿದ್ದದ್ದು ಕೆನ್ನೆಯಲ್ಲಿ ಮಾತ್ರ.

ಇಬ್ಬರು ಪೇದೆಗಳು ಆಕೆಯ ತೋಳು ಹಿಡಿದರು. ಆರತಿ ತಟ್ಟೆ ರಸ್ತೆಗೆ ಬಿತ್ತು. “ಕೈ ಬಿಡ್ರಲಾ! ನಿಮ್ಮ ಸಾಹೇಬ್ರೇ ಅಲ್ವಾ ಹೇಳಿದ್ದು, ನೆನ್ನೆ ಮಾಡ್ದಂಗೇ ಮಾಡಿ ಅಂತ?” ಎಂದು ಆಕೆ ಕೇಳಿದರು. ಪರದೇಶದ ಅತಿಥಿಯ ಮೇಲೆ ಕೈ ಮಾಡಿದ್ದು ಅಂತರರಾಷ್ಟ್ರೀಯ ವಿಷಯವೆಂದೂ, ಸಂಜೆ ಹಾಸನಕ್ಕೆ ಕಳಿಸಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದಾಗಿಯೂ ಇನ್‌ಸ್ಪೆಕ್ಟರರು ಹೇಳಿದರು. ಇದರ ಅರ್ಥವೇನೆಂದು ಅತಿಥಿ ನನ್ನನ್ನು ಕೇಳಿದರು. ಚಿನ್ನವನ್ನು ನಮ್ಮಲ್ಲಿ ಒರೆಗೆ ಹಚ್ಚಿ ನೋಡುತ್ತಾರೆ, ತಾವು ಅಪ್ಪಟವೆಂದು ತಿಳಿಯಿತು ಎಂದೆ. ಅವರು ಸಂತೋಷಪಟ್ಟು, ತಮ್ಮ ಧರ್ಮಗ್ರಂಥ ಹೇಳಿದಂತೆ ಇನ್ನೊಂದು ಕೆನ್ನೆಯನ್ನೂ ಮುಂದೊಡ್ಡಿದರು. ಅಷ್ಟರಲ್ಲಿ ಮಹದೇವಮ್ಮನವರು ಜೀಪಿನಲ್ಲಿದ್ದರು.

ಆಕೆ ಈಗ ಈ ಶಿಬಿರದ ಜಗಲಿಯಲ್ಲಿ ಕುಳಿತಿದ್ದಾರೆ. ಅಳುತ್ತಿಲ್ಲ. “ಹೊತ್ತು ಇಳೀತಾ ಐತೆ ಮೇಷ್ಟ್ರೇ. ನನ್ನ ಎಮ್ಮೆಗಳು ಬೇರೆಯೋರ ಕೈಗೆ ಹಾಲು ಕೊಡಕ್ಕಿಲ್ಲ. ಕೆಚ್ಚಲು ಬಿಗಿದು ಒದ್ದಾಡ್ತವೆ” ಎಂದು ಎರಡು ಸಲ ಹೇಳಿದರು. ಸೆರಗಿನ ಅಂಚನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದರು.

ಇಷ್ಟು ಬರೆಸಿದ ಮೇಲೆ ಇನ್‌ಸ್ಪೆಕ್ಟರರೇ ಒಳಗೆ ಬಂದರು. ಹಗರೆಯಲ್ಲಿ ಬಂದೋಬಸ್ತು ಸಂಪೂರ್ಣ ಭದ್ರವಾಗಿತ್ತೆಂದು ಮೇಲಿನವರಿಗೆ ಟೆಲಿಫೋನ್ ಮಾಡಿ ಬಂದಿದ್ದೇನೆಂದು ಹೆಮ್ಮೆಯಿಂದ ಹೇಳಿದರು. ಹಾಗಾದರೆ ಮಹದೇವಮ್ಮನವರ ಮೇಲೆ ಮೊಕದ್ದಮೆ ಹೂಡಲು ಬರುವುದಿಲ್ಲವೆಂದು ನಾನು ಅರಿಕೆ ಮಾಡಿಕೊಂಡೆ. ಹೊರಗಿನವರೊಬ್ಬರು ಅತಿಥಿಯ ಕೆನ್ನೆಯವರೆಗೂ ಬಂದಿದ್ದರೆ ಭದ್ರವೆಂಬ ಮಾತು ಸುಳ್ಳು. ಆ ಮಾತು ನಿಜವಾದರೆ ಆಕೆ ಹೊರಗಿನವರಲ್ಲ, ಬಂದೋಬಸ್ತಿಗೆ ಸೇರಿದವರೇ ಆಗಬೇಕು. ಕೆನ್ನೆ ಒಂದೇ ಇರುವಾಗ ವರದಿ ಎರಡಾಗಲಾರದು.

“ಏನ್ರೀ ಮೇಷ್ಟ್ರೇ, ಸಾಕ್ಷಿ ಹೇಳೋಕೆ ಬಂದ್ರೋ, ವಕೀಲಿ ಮಾಡೋಕೋ?” ಎಂದು ಅವರು ಗದರಿಸಿದರು.

ಎರಡಕ್ಕೂ ಯಾರೂ ಸಂಬಳ ಕೊಟ್ಟಿಲ್ಲವಾದ್ದರಿಂದ ಎರಡನ್ನೂ ಮಾಡುತ್ತಿದ್ದೇನೆ ಎಂದೆ. ದೇವೀರಪ್ಪನವರು ಕೆಮ್ಮಿದರು. ಅದು ಕೆಮ್ಮಲ್ಲವೆಂದು ನನಗೆ ಗೊತ್ತು, ಆದರೂ ಕೆಮ್ಮೆಂದೇ ಬರೆಯಬೇಕೆಂದು ಅವರು ಕೇಳಿಕೊಂಡಿದ್ದಾರೆ. ಇನ್‌ಸ್ಪೆಕ್ಟರರು ಟೋಪಿ ತೆಗೆದು, ಹಣೆ ಒರೆಸಿಕೊಂಡರು. ಕಡೆಗೆ, ಆಕೆ ಸ್ವಾಗತ ಸಮಿತಿಯ ಸದಸ್ಯೆ ಎಂದು ಬರೆದುಕೊಳ್ಳಿ, ಹಾಲು ಕರೆಯುವ ಹೊತ್ತಿಗೆ ಜೀಪಿನಲ್ಲೇ ಹಗರೆಗೆ ಬಿಟ್ಟುಬನ್ನಿ ಎಂದು ಅಪ್ಪಣೆ ಕೊಟ್ಟರು.

ಜೀಪು ಹತ್ತುವಾಗ ಮಹದೇವಮ್ಮನವರು ನನ್ನನ್ನು ಹತ್ತಿರ ಕರೆದರು. “ಅದು ಬಣ್ಣ ಅಲ್ಲ ಕಣ್ರೀ ಮೇಷ್ಟ್ರೇ. ಪಾಪ, ಬಿಸಿಲಿಗೆ ಕೆನ್ನೆ ಕೆಂಡ ಆಗೋಗಿತ್ತು, ಮುಟ್ಟಿದ್ರೆ ಸುಡ್ತಿತ್ತು. ಯಾರ ಮಗನೋ ಏನೋ. ಇದೇ ಗಾಡೀಲಿ ಬೆಣ್ಣೆ ಕಳಿಸ್ತೀನಿ, ರಾತ್ರಿ ಹಚ್ಕೊಂಡು ಮಲಗ್ಲಿ” ಎಂದರು.

ಆದಕಾರಣ, ಜೀಪು ಹಿಂತಿರುಗಿದಾಗ ಅದರಲ್ಲಿರುವ ಬೆಣ್ಣೆಯನ್ನು ಅತಿಥಿ ತಂಗಿರುವ ಬಂಗಲೆಯ ಪಹರೆಯವರು ತಡೆಯಬಾರದೆಂದೂ, ತಪಾಸಣೆಯ ನೆಪದಲ್ಲಿ ರುಚಿ ನೋಡಬಾರದೆಂದೂ ಕೋರುತ್ತೇನೆ.

ಇದನ್ನು ನನಗೆ ಓದಿ ಹೇಳಲಾಯಿತು. ಅಕ್ಷರ ದೇವೀರಪ್ಪನವರದು, ಸತ್ಯ ನನ್ನದು. ಎರಡಕ್ಕೂ ಸೇರಿಸಿ ರುಜು ಮಾಡಿದ್ದೇನೆ.

ಸ್ಥಳ: ಬೇಲೂರು
ತಾರೀಖು: 14-3-1961, ಸಂಜೆ 4-30
(ರುಜು) ಭಾಷ್ಯಂ