ಕೆಲಸದ ಜೊತೆ ಬಂದ ಮನೆ

ಸುಶೀಲಾಬಾಯಿಯವರೇ, ಮಗಳು ಮಾಳವಿಕಾ, ಲಂಡನ್ನಿನ ಹ್ಯಾರೋದ ಈ ಸಭಾಂಗಣದಲ್ಲಿ ಸೇರಿರುವ ಬಂಧುಗಳೇ — ಎಲ್ಲರಿಗೂ ಶರಣು ಶರಣಾರ್ಥಿ. ಹಿಂದೆ ನಿಂತವರು ಮುಂದೆ ಬನ್ನಿ, ಕುರ್ಚಿಗಳಿವೆ. ನಮ್ಮ ಕಲ್ಲಯ್ಯನ ಭಾಷಣಕ್ಕೆ ಯಾವತ್ತೂ ಇಷ್ಟು ಜನ ಬಂದಿರಲಿಲ್ಲ. ಬಂದವರೂ ಉಪ್ಪಿಟ್ಟು ಮುಗಿಯುತ್ತಲೇ ಜಾಗ ಖಾಲಿ ಮಾಡುತ್ತಿದ್ದೆವು. ಮಾಡುತ್ತಿದ್ದೆವು ಅಂದೆ — ನಾನೂ ಅವರಲ್ಲೊಬ್ಬ.

ನಾನು ಬಸವಂತಪ್ಪ. ಕಲ್ಲಯ್ಯ, ನಾನು ಒಂದೇ ಕಂಪನಿಯ ಕೇರ್‌ಟೇಕರ್‌ಗಳು. ಅವನದು ಹ್ಯಾರೋದ ಬಿಲ್ಡಿಂಗು, ನನ್ನದು ಇಲ್ಫರ್ಡಿನದು. ಲಿಫ್ಟು ಕೆಟ್ಟರೆ ನಾವು, ಪೈಪು ಸೋರಿದರೆ ನಾವು. ಇರಲು ಕೆಳಗಿನ ಫ್ಲಾಟನ್ನು ಕಂಪನಿಯೇ ಕೊಡುತ್ತದೆ. ಕೆಲಸ ಇರುವ ತನಕ ಮನೆ.

ಇಪ್ಪತ್ತೆರಡು ವರ್ಷದ ಹಿಂದೆ, ಈ ಕೆಲಸಕ್ಕೆ ಗಂಡ-ಹೆಂಡತಿ ಜೋಡಿಯೇ ಬೇಕು ಎಂದು ಕಂಪನಿ ಹೇಳಿದಾಗ ಕಲ್ಲಯ್ಯ ಹಿಗ್ಗಿ ಹೀರೇಕಾಯಿಯಾದ. ನನ್ನ ಬಾಯಿಗೆ ಪೇಢೆ ತುರುಕಿ ಅಂದ: “ನೋಡಲೇ ಬಸ್ಯಾ, ಇಲ್ಲೂ ನಮ್ಮ ಕಡೆ ಇದ್ದಂಗನ. ಸಂಸಾರಸ್ಥರಿಗೇ ಮನಿ ಕೊಡ್ತಾರ. ಮರ್ಯಾದಿ ಮಂದಿ!” ಊರಲ್ಲಿ ಬಾಡಿಗೆ ಮನೆ ಹುಡುಕಿದ ಯಾರೇ ಆದರೂ ಹಾಗೇ ತಿಳಿಯುತ್ತಿದ್ದರು. ಮರುವಾರದಿಂದ ಆರು ಮಹಡಿಯ ಮೆಟ್ಟಿಲುಗಳನ್ನು ಸುಶೀಲಾಬಾಯಿ ಒರೆಸತೊಡಗಿದರು. ಅವರ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ.

ಮೂರನೇ ಮಹಡಿಯಲ್ಲಿ ಸ್ಕಾಟ್ಲೆಂಡಿನ ಅಜ್ಜಿಯೊಬ್ಬರಿದ್ದರು. ಒಂದು ದಿನ ಬಕೆಟ್ಟಿನ ಪಕ್ಕ ನಿಂತು ಕೇಳಿದರು — ಇವಳಿಗೆ ಸಂಬಳ ಯಾರು ಕೊಡುತ್ತಾರೆ? ಕಲ್ಲಯ್ಯ ಎದೆ ಸೆಟೆಸಿ — ಹೀಗೆ — ಅವಳು ಕೆಲಸದವಳಲ್ಲ, ನನ್ನ ಹೆಂಡತಿ ಎಂದ. ಅಜ್ಜಿ ನಗಲಿಲ್ಲ. ನನ್ನ ಮುತ್ತಜ್ಜಿಯೂ ಹೀಗೇ ದುಡಿದಳು ಎಂದರು.

ಅಲ್ಲಿಂದ ಶುರುವಾಯಿತು ನೋಡಿ ಇವನ ಹುಚ್ಚು! ರಜೆ ಸಿಕ್ಕರೆ ಲೈಬ್ರರಿ. ದಕ್ಷಿಣ ಸ್ಕಾಟ್ಲೆಂಡಿನ ನೇಗಿಲಾಳಿಗೆ ವರ್ಷದ ಕರಾರು, ಕರಾರಿನ ಜೊತೆ ಒಂದು ಗುಡಿಸಲು. ಆದರೆ ಹೊಲಕ್ಕೆ ಒಬ್ಬ ಹೆಣ್ಣಾಳನ್ನು ಅವನೇ ತರಬೇಕು. ಹೆಂಡತಿಯೋ, ಮಗಳೋ — ಯಾರೂ ಇಲ್ಲವೆಂದರೆ ಹೊರಗಿನವಳನ್ನು ಕರೆತಂದು ಮನೆಯಲ್ಲೇ ಇಟ್ಟುಕೊಳ್ಳಬೇಕು. ಆ ಹೆಂಗಸರಿಗೆ ಬಾಂಡೇಜರ್, ಅಂದರೆ ಕರಾರಿಗೆ ಕಟ್ಟುಬಿದ್ದವಳು, ಎನ್ನುತ್ತಿದ್ದರಂತೆ. ಉತ್ತರದ ಗುಡ್ಡಗಾಡಿನ ರೈತರು ಜಮೀನಿಗಾಗಿ ಪೊಲೀಸರ ಎದುರು ನಿಂತರು, ಹೆಂಗಸರೇ ಕಲ್ಲು ಬೀಸಿದರು, ಅವರನ್ನು ಒಕ್ಕಲೆಬ್ಬಿಸದಂತೆ ಕೊನೆಗೆ ಕಾನೂನೂ ಬಂತು. ನೇಗಿಲಾಳಿಗೆ ಜಮೀನೇ ಇಲ್ಲ — ಅವನು ಎಲ್ಲಿ ನಿಂತು ಜಗಳ ಆಡಬೇಕು? ಆದರೂ ೧೮೬೦ರ ದಶಕದಲ್ಲಿ ನೇಗಿಲಾಳುಗಳು ಸಭೆ ಸೇರಿ, ಹೆಣ್ಣಾಳನ್ನು ತರುವುದಿಲ್ಲ ಎಂದರು. ಆ ಪದ್ಧತಿ ಸಾಯಲು ಮತ್ತೂ ಎಷ್ಟೋ ದಶಕ ಹಿಡಿಯಿತು.

ಇದನ್ನೆಲ್ಲ ಓದಿ ಕಲ್ಲಯ್ಯ ಕಂಪನಿಗೆ ಬರೆದ — ನನ್ನ ಹೆಂಡತಿಗೂ ಕರಾರು ಮಾಡಿ. ಈಗಿರುವ ಪದ್ಧತಿಗೆ ಒಪ್ಪಿಗೆ ಇಲ್ಲದಿದ್ದರೆ ಮನೆ ಬಿಡಿ ಎಂದು ಉತ್ತರ ಬಂತು. ಮಾಳವಿಕಾಗೆ ಆಗ ಶಾಲೆಯ ಕೊನೆಯ ವರ್ಷ. ಅವನು ಬಾಯಿ ಮುಚ್ಚಿಕೊಂಡ. “ಎತ್ತ ಹೊಳ್ಳಿದ್ರೂ ಗ್ವಾಡಿನೇ ಐತಿ, ಬಸ್ಯಾ” ಎಂದು ನನ್ನೆದುರು ಅತ್ತ. ತನ್ನ ಮನೆಯ ಸಂಗತಿ ಸಭೆಯಲ್ಲಿ ಆಡಲಾರದೆ ವರ್ಷ ವರ್ಷ ನಮಗೆ ಸ್ಕಾಟ್ಲೆಂಡಿನ ನೇಗಿಲಾಳಿನ ಕಥೆ ಹೇಳಿದ. ನಮಗೆ ಅರ್ಥವಾಗಲಿಲ್ಲ. ನಮಗೆ ನಾಚಿಕೆಯಾಗಬೇಕು.

ಅವನು ಹೃದಯಾಘಾತದಿಂದ ಹೋಗಿ ಇಂದಿಗೆ ಹದಿನೇಳು ದಿನ. ಸುಶೀಲಾಬಾಯಿ ಮನೆ ಖಾಲಿ ಮಾಡಲು ಇನ್ನು ಹನ್ನೊಂದು ದಿನ. ಅವತ್ತು ಹೋಗಿ ಅವರಿಂದ ಕೀಲಿ ಇಸಿದುಕೊಂಡು ಬರುವ ಕೆಲಸ — ಕೇಳಿ — ಕಂಪನಿಯವರು ನನಗೆ ಹಚ್ಚಿದ್ದಾರೆ. ಹೋಗದಿದ್ದರೆ ನನ್ನ ಕೆಲಸ ಹೋಗುತ್ತದೆ. ಕೆಲಸದ ಹಿಂದೆಯೇ ಮನೆಯೂ.

ಎರಡು ದಿನದಿಂದ ನನಗೆ ಅನ್ನ ಸೇರಿಲ್ಲ. ಅಲ್ಲಿ ಕೂತಿದ್ದಾಳೆ ನಾಗವ್ವ, ನನ್ನ ಹೆಂಡತಿ. ಅವಳೂ ಮೆಟ್ಟಿಲು ಒರೆಸುವವಳೇ. ಏನು ಮಾಡಲಿ ಎಂದು ಬೆಳಿಗ್ಗೆ ಕೇಳಿದೆ. “ನಾಳೆ ನೀವು ಸತ್ರ ನನ್ನ ಹತ್ರ ಕೀಲಿ ಕೇಳಾಕ ಯಾರು ಬರ್ತಾರ, ಅದನ್ನರ ಹೇಳ್ರಿ” ಎಂದಳು.

ನಾನು ಹೋಗುವುದಿಲ್ಲ. ಹೇಳಿಬಿಟ್ಟೆ. — ಬೇಡ, ಚಪ್ಪಾಳೆ ಬೇಡ. ನಾನಲ್ಲದಿದ್ದರೆ ಇನ್ನೊಬ್ಬನನ್ನು ಕಳಿಸುತ್ತಾರೆ. ಅವತ್ತು ಬಿಡುವಿದ್ದವರು ಸುಶೀಲಾಬಾಯಿಯವರ ಬಾಗಿಲ ಮುಂದೆ ಬಂದು ನಿಲ್ಲಿ, ಅಷ್ಟೇ ನನ್ನ ಬೇಡಿಕೆ.

ಈಗ ಕಲ್ಲಯ್ಯನಿಗಾಗಿ ಎರಡು ನಿಮಿಷ ಎಲ್ಲರೂ ಎದ್ದು ಮೌನವಾಗಿ ನಿಲ್ಲೋಣ.

ಅಯ್ಯ, ಸುಶೀಲಕ್ಕಾ — ನೀವು ಏಳಬ್ಯಾಡ್ರಿ. ನೀವು ಕುಂತಿರ್ರಿ. ನಾವು ನಿಂದರ್ತೀವಿ.