ಮೂಳೆ ಡಾಕ್ಟರ ಬಾಗಿಲ ಮುಂದೆ

ಸಾಗರದ ಮೂಳೆ ಡಾಕ್ಟರ ಬಾಗಿಲ ಮುಂದೆ ಕಾಯುತ್ತಿದ್ದೆ. ಪಕ್ಕದಲ್ಲಿ ಈಚೆಗೆ ಮಂಡಿ ಬದಲಿಸಿಕೊಂಡ ಹೂವಮ್ಮ, ಜೊತೆಗೆ ಅವರ ನಾದಿನಿ ಶ್ಯಾಮಲಾ.

"ಮಂಡಿ ನೋವಿಲ್ಲ ಮಾರಾಯ್ತಿ. ಸೊಂಟದ ಕೆಳಗೆ, ಕುಂಡೆ ಹತ್ರ ಹಿಡ್ಕಂಡು ಎಳೀತದೆ. ಒಳಗೆ ಹಾಕಿದ್ದು ಜಾರಿರ್ಬೇಕು."

"ಡಾಕ್ಟ್ರಿಗೆ ಹೇಳಿ ಅತ್ತಿಗೆ."

"ಹೇಳಿದ್ರೆ ಮತ್ತೆ ಕೊಯ್ತಾರೆ. ಇನ್ನೊಂದ್ಸಲ ಆ ಟೇಬಲ್ ಮೇಲೆ ಮಲಗಿದ್ರೆ ನಾನು ಏಳೂದಿಲ್ಲ."

"ಅಡಿಕೆ ಸುಲಿಯಕ್ಕೆ ಕೂತಿದ್ದೂ ಹೇಳ್ತೀರಲ್ಲ?"

"ಅದ್ಯಾಕೆ? ಪಕ್ಕದ್ಮನೆಯವ್ರು ನಮ್ಮನೇಲಿ ಸುಲಿದು ಕೊಟ್ಟಿದ್ರು, ಮುಯ್ಯಿಗೆ ನಾನೂ ಹೋಗ್ಬೇಕಲ್ಲ. ಹೊಸ ಮಂಡಿ ಸವೀಬಾರ್ದು ಅಂತ ಕಾಲು ಸ್ಟೂಲ್ ಮೇಲೆ ಚಾಚಿದ್ದೆ."

"ದಿನವಿಡೀ ಒಂದೇ ಕುಂಡೆ ಮೇಲೆ ವಾಲ್ಕಂಡು ಕೂತ್ರಿ. ನಡೆಯೋದೂ ಹಂಗೇ, ಆ ಕಾಲು ಊರದೆ. ಭಾರ ಹೊತ್ತ ಮಾಂಸ ನೋಯದೆ ಇರ್ತದಾ?"

"ಬರೀ ಮಾಂಸದ ನೋವು ಅಂತೀಯಾ?"

"ನಾನೇನು ಡಾಕ್ಟ್ರಾ? ನೀವು ಮುಚ್ಚಿಟ್ರೆ ಅವ್ರಿಗೂ ಗೊತ್ತಾಗಲ್ಲ."

ನರ್ಸ್ ಹೆಸರು ಕರೆದರು. ಹೂವಮ್ಮ ಏಳಲಿಲ್ಲ.

"ಸುಲಿಯಕ್ಕೆ ಹೋಗಿದ್ದು ನೀನೇ ಹೇಳು. ಕೊಯ್ತೀನಿ ಅಂದ್ರೆ ನನ್ ಕೈ ಬಿಡ್ಬೇಡ."

"ಹಿಡಿದೀನಿ, ಏಳಿ. ಆ ಕಾಲೂ ಊರಿ."

ಹೂವಮ್ಮ ನಾದಿನಿಯ ಕೈ ಬಿಗಿಯಾಗಿ ಹಿಡಿದು, ಹೊಸ ಮಂಡಿಯ ಕಾಲನ್ನು ಕೆಂಡದ ಮೇಲಿಡುವಂತೆ ನೆಲಕ್ಕಿಟ್ಟು ಒಳಗೆ ಹೋದರು.